ಮಳೆಕೋಟು ನಂಬರ್ ಹದಿನೇಳು ಸಾಕ್ಷಿ ಹೇಳಬೇಕೆಂದು ಬಿನ್ನಹ

ಜಾಲಿಗುಟ್ಟಹಳ್ಳಿ,
ಮಂಡಿಕಲ್ ಹೋಬಳಿ, ಚಿಕ್ಕಬಳ್ಳಾಪುರ ತಾಲ್ಲೂಕು.
೯ ನವೆಂಬರ್ ೧೯೫೯

ಮಹಾರಾಜಶ್ರೀ ಮಳೆಕೋಟು ನಂಬರ್ ಹದಿನೇಳು ಅವರ ಸನ್ನಿಧಾನಕ್ಕೆ,
ಮೊಕ್ಕಾಂ: ಸೂಪರಿಂಟೆಂಡೆಂಟರ ಕುರ್ಚಿಯ ಹಿಂದಿನ ಎರಡನೆಯ ಗೂಟ,
ಮಳೆ ಲೆಕ್ಕದ ಕಚೇರಿ, ಚಿಕ್ಕಬಳ್ಳಾಪುರ.

ಮಾನ್ಯರೇ,

ಈ ಕಡೆ ನಾವೆಲ್ಲ ನೆನೆದು, ಸೀನಿ, ಮೆಣಸಿನ ಕಷಾಯ ಕುಡಿದು ಕ್ಷೇಮವಾಗಿದ್ದೇವೆ. ಆ ಕಡೆ ತಾವು ಗೂಟದ ಮೇಲೆ ಚೆನ್ನಾಗಿ ಒಣಗಿ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಒಂದು ವೇಳೆ ತಮ್ಮ ಯಾವುದಾದರೂ ಮಡಿಕೆಯಲ್ಲಿ, ಹೊಲಿಗೆಯ ಸಂದಿಯಲ್ಲಿ ಇನ್ನೂ ಒಂದಿಷ್ಟು ತೇವ ಉಳಿದಿದ್ದರೆ ಅದಕ್ಕಿಂತ ಸಂತೋಷದ ಸುದ್ದಿ ನನಗೆ ಬೇರೊಂದಿಲ್ಲ. ಅದು ಯಾಕೆಂಬುದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಸರ್ಕಾರಿ ಸೇವೆಯಲ್ಲಿರುವ ತಮ್ಮಂಥವರಿಗೆ ನನ್ನಂಥ ಏಕೋಪಾಧ್ಯಾಯ ಶಾಲೆಯ ಮೇಷ್ಟ್ರು ನೇರವಾಗಿ, ಅದೂ ಊರವರೆಲ್ಲ ಓದಲೆಂದು ಪಂಚಾಯಿತಿಯ ಗೋಡೆಗೆ ಒಂದು ಪ್ರತಿ ಅಂಟಿಸಿ, ಕಾಗದ ಬರೆಯುವುದು ಮರ್ಯಾದೆಯಲ್ಲವೆಂದು ಬಲ್ಲೆ. ಆದರೆ ತಮ್ಮ ಮೇಲಿನವರಿಗೆ ಬರೆದು ಬರೆದು ಶಾಲೆಯ ಶಾಯಿ ಮುಗಿಯಿತು. ಮಳೆ ಲೆಕ್ಕದ ಕಚೇರಿಯ ಸೂಪರಿಂಟೆಂಡೆಂಟ್ ಚೆನ್ನರಾಯಪ್ಪನವರು ನನ್ನ ಐದನೆಯ ಅರ್ಜಿಗೆ ದಯಪಾಲಿಸಿದ ಉತ್ತರದಲ್ಲಿ, ಅಕ್ಟೋಬರ್ ಹದಿನಾಲ್ಕನೆಯ ತಾರೀಕು ಬುಧವಾರ ಜಾಲಿಗುಟ್ಟಹಳ್ಳಿಯಲ್ಲಿ ಮಳೆ ಬಂದಿತೆಂಬುದಕ್ಕೆ ಗ್ರಾಮಸ್ಥರ ಬಾಯಿಮಾತು ಸಾಲದು, ಇಲಾಖೆಗೆ ಸೇರಿದ ಯಾವುದಾದರೂ ವಸ್ತುವಿನ ಸಾಕ್ಷ್ಯ ಬೇಕು ಎಂದು ಸ್ಪಷ್ಟವಾಗಿ ತಿಳಿಸಿದ್ದಾರೆ. ಅಂದು ನೆನೆದ ನೂರಾ ಹನ್ನೆರಡು ಜನರಾಗಲಿ, ಎಪ್ಪತ್ತು ಕುರಿಗಳಾಗಲಿ, ತುಂಬಿ ಕೋಡಿ ಹರಿದ ನಮ್ಮ ಕೆರೆಯಾಗಲಿ ಇಲಾಖೆಗೆ ಸೇರಿದವರಲ್ಲ. ಸೇರಿದವರೆಂದರೆ ತಾವೊಬ್ಬರೇ. ತಾವು ಬಾಯಿಬಿಟ್ಟು ‘ಹೌದು, ನಾನು ನೆನೆದೆ’ ಎಂದು ಒಂದು ಮಾತು ಹೇಳಿದರೆ ಕದಿರಮ್ಮನೆಂಬ ಒಂಟಿ ಮುದುಕಿಯ ಬಿದ್ದುಹೋದ ಗೋಡೆಗೆ ಸರ್ಕಾರದಿಂದ ಕಲ್ಲು, ಜಂತೆ ಸಿಗುತ್ತದೆ. ತಾವು ಸುಮ್ಮನಿದ್ದರೆ ಆಕೆಯೂ ಆಕೆಯ ರೇಷ್ಮೆಹುಳುಗಳೂ ಮೂರೇ ಗೋಡೆಯ ಮನೆಯಲ್ಲಿ ಚಳಿಗಾಲ ಕಳೆಯಬೇಕಾಗುತ್ತದೆ. ನಾನು ಈ ಕಾಗದ ಬರೆಯಲು ಕೂತಾಗ ನನ್ನ ಅಹವಾಲು ಇಷ್ಟೇ ಆಗಿತ್ತು.

ತಾವು ನಮ್ಮೂರಿಗೆ ಪಾದ ಬೆಳೆಸಿದ ದಿನವನ್ನು ತಮಗೆ ನೆನಪಿಸಲು ಅಪ್ಪಣೆಯಾಗಬೇಕು. ಮೂರು ವರ್ಷದ ಹಿಂದೆ, ಮೇ ತಿಂಗಳ ಸುಡುಬಿಸಿಲಿನಲ್ಲಿ, ಎತ್ತಿನ ಗಾಡಿಯಲ್ಲಿ ತಾವು, ತಮ್ಮೊಂದಿಗೆ ಒಂದು ಮಳೆಮಾಪಕ, ಒಂದು ನಿಯಮಾವಳಿ, ಮತ್ತು ಮಾಪಕದ ಸುತ್ತ ಅಡ್ಡಗೋಡೆ ಕಟ್ಟಲೆಂದು ಇನ್ನೂರು ಸೈಜುಗಲ್ಲು ಬಂದಿಳಿದಿರಿ. ಕಲ್ಲಿಗೆಲ್ಲ ಒಂದರಿಂದ ಇನ್ನೂರರವರೆಗೆ ಬಿಳಿ ಬಣ್ಣದಲ್ಲಿ ನಂಬರು ಹಾಕಿತ್ತು. ಕಟ್ಟಲು ಆದೇಶ ಬರುವವರೆಗೆ ಕಲ್ಲನ್ನು ಯಾರೂ ಮುಟ್ಟಬಾರದೆಂದು ನಿಯಮ ನಾಲ್ಕರಲ್ಲಿ ಬರೆದಿತ್ತು. ಆದೇಶ ಇವತ್ತಿಗೂ ಬಂದಿಲ್ಲ. ನಮ್ಮ ಮಕ್ಕಳು ಇನ್ನೂರರವರೆಗೆ ಎಣಿಸುವುದನ್ನು ಆ ರಾಶಿಯ ಮುಂದೆ ನಿಂತೇ ಕಲಿತರು. ಮಾಪಕವನ್ನು ಶಾಲೆಯ ಬಯಲಿನ ಅಂಚಿನಲ್ಲಿ, ಕದಿರಮ್ಮನ ಮನೆಯ ಗೋಡೆಯಿಂದ ಹತ್ತು ಹೆಜ್ಜೆ ದೂರಕ್ಕೆ ನೆಲದಲ್ಲಿ ಅರ್ಧ ಹೂತು ನಿಲ್ಲಿಸಿದರು. ಮೇಲೊಂದು ಹಿತ್ತಾಳೆಯ ಲಾಳಿಕೆ, ಅದರ ಕೆಳಗೊಂದು ಸೀಸೆ, ಅಳೆಯುವುದಕ್ಕೊಂದು ಗೆರೆ ಕೊರೆದ ಗಾಜು. ದಿನಾ ಬೆಳಿಗ್ಗೆ ಎಂಟೂವರೆಗೆ ಸೀಸೆಯಲ್ಲಿ ಎಷ್ಟು ನೀರಿದೆಯೋ ಅಷ್ಟನ್ನು, ಅಷ್ಟನ್ನು ಮಾತ್ರ, ರಿಜಿಸ್ಟರಿನಲ್ಲಿ ಬರೆಯುವ ಕೆಲಸ ಮೇಷ್ಟ್ರಾದ ನನ್ನ ಪಾಲಿಗೆ ಬಂತು.

ಅಂದು ನಾನು ಒಂದು ತಪ್ಪು ಮಾಡಿದೆ. ಊರವರೆಲ್ಲ ಸುತ್ತ ನೆರೆದಿದ್ದರು, ಸರ್ಕಾರದ ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು, ನನಗೂ ಸ್ವಲ್ಪ ತಲೆ ತಿರುಗಿತ್ತೆಂದು ಕಾಣುತ್ತದೆ. ಇಪ್ಪತ್ತೆರಡನೆಯ ನಂಬರಿನ ಕಲ್ಲಿನ ಮೇಲೆ ಹತ್ತಿ ನಿಂತು ‘ಇದು ಸರ್ಕಾರದ ಸಾಮಾನು ಕಣ್ರಪ್ಪಾ, ಇದರೊಳಗೆ ಏನೂ ಬೀಳಬಾರ್ದು, ಎಲೆ ಬೀಳಬಾರ್ದು, ಕಡ್ಡಿ ಬೀಳಬಾರ್ದು, ಏನ್ ಬಿದ್ರೂ ನನ್ನ ಕೆಲ್ಸ ಹೋಗುತ್ತೆ’ ಎಂದು ಗಂಟಲು ಹರಿಯುವಂತೆ ಕೂಗಿ ಹೇಳಿದೆ. ಎಲ್ಲರೂ ತಲೆಯಾಡಿಸಿ ಮನೆಗೆ ಹೋಗಿ ಮರೆತರು. ಮುಂದಿನ ಸಾಲಿನಲ್ಲಿ ಕೂತಿದ್ದ ಕದಿರಮ್ಮ ಒಬ್ಬಳು ಮರೆಯಲಿಲ್ಲ. ಮರುದಿನದಿಂದಲೇ ಆಕೆ ತನ್ನ ಮನೆಯಂಗಳ ಗುಡಿಸಿದ ಮೇಲೆ ಮಾಪಕದ ಸುತ್ತಲೂ ಗುಡಿಸಿ, ನೀರು ಚಿಮುಕಿಸಿ, ಎರಡೆಳೆ ರಂಗೋಲಿ ಹಾಕತೊಡಗಿದಳು. ಇಂಥ ಶ್ರದ್ಧೆಯ ಹೆಂಗಸು ಹೋಬಳಿಯಲ್ಲೇ ಇಲ್ಲವೆಂದು ನಾನು ನಾಲ್ಕು ಜನರ ಎದುರು ಹೊಗಳಿದ್ದೂ ಉಂಟು.

ಇನ್ನು ತಮ್ಮ ಸೇವೆಯ ವಿಚಾರ. ನಿಯಮ ಏಳರ ಪ್ರಕಾರ ಜೂನ್ ಮೊದಲ್ಗೊಂಡು ಡಿಸೆಂಬರ್ ಕೊನೆಯವರೆಗೆ ಮಾಪಕದ ಲೆಕ್ಕ ಬರೆಯುವವನು ಮನೆಯಿಂದ ಹೊರಗೆ ಕಾಲಿಡುವಾಗಲೆಲ್ಲ ಮಳೆಕೋಟನ್ನು ಜೊತೆಗಿಟ್ಟುಕೊಂಡಿರಬೇಕು. ನಾನು ಅಕ್ಷರಶಃ ಪಾಲಿಸಿದೆ. ಮೋಡವೆಂಬುದರ ಹೆಸರೇ ಇಲ್ಲದ ದಿನಗಳಲ್ಲಿ ತಮ್ಮನ್ನು ಹೆಗಲ ಮೇಲೆ ಹೊತ್ತು ಚಿಂತಾಮಣಿಗೆ ಹೋದೆ, ಗೌರಿಬಿದನೂರಿಗೆ ಹೋದೆ, ಭಾವಮೈದುನನ ಮಗುವಿನ ನಾಮಕರಣಕ್ಕೆ ಹೋದೆ. ಬಸ್ಸಿನಲ್ಲಿ ಜನ ನನ್ನ ಪಕ್ಕದ ಜಾಗ ಬಿಟ್ಟು ನಿಂತುಕೊಂಡರು, ತಮ್ಮ ರಬ್ಬರಿನ ವಾಸನೆ ಅಂಥದು. ಆದರೆ ಹೊರಗೆ ಹೊರಟವನ ಹತ್ತಿರ ಮಳೆಕೋಟೊಂದು ಇದ್ದರೆ ಎಷ್ಟು ಉಪಯೋಗವೆಂಬುದನ್ನು, ಮಳೆಯೊಂದನ್ನು ಬಿಟ್ಟು ಮಿಕ್ಕ ಎಲ್ಲ ಸಂದರ್ಭಗಳಲ್ಲಿಯೂ, ತಾವು ಈ ಸೀಮೆಗೆ ತೋರಿಸಿಕೊಟ್ಟಿರಿ.

ಹಿಪ್ಪುನೇರಳೆ ಸೊಪ್ಪನ್ನು ತಮ್ಮೊಳಗೆ ಸುತ್ತಿಟ್ಟರೆ ಸಂಜೆಯವರೆಗೆ ಬಾಡುವುದಿಲ್ಲವೆಂದು ಕಂಡುಹಿಡಿದವಳು ಕದಿರಮ್ಮ. ನಮ್ಮೂರ ರೈತ ಮುನಿವೆಂಕಟಪ್ಪನ ಬಾವಿಯ ಕಪಿಲೆಯಲ್ಲಿ ನೀರು ಸುರಿಯುವ ಚರ್ಮದ ಕೊಳವೆ ಹರಿದಾಗ ತಮ್ಮ ಎಡತೋಳು ಒಂದು ವಾರ ಅವನ ತೋಟಕ್ಕೆ ನೀರುಣಿಸಿತು. ಅದೇ ಮುನಿವೆಂಕಟಪ್ಪನ ಮಗಳ ಮದುವೆಯಲ್ಲಿ ವಧೂವರರ ನಡುವೆ ಹಿಡಿಯುವ ಅಂತರಪಟವನ್ನು ಗಂಡಿನ ಕಡೆಯವರು ಊರಲ್ಲೇ ಮರೆತು ಬಂದಿದ್ದರಿಂದ, ಮುಹೂರ್ತ ಮೀರುತ್ತದೆಂದು ಪುರೋಹಿತರು ಚಡಪಡಿಸುತ್ತಿದ್ದಾಗ, ನನ್ನ ಹೆಗಲಿನಿಂದ ತಮ್ಮನ್ನೇ ಎಳೆದುಕೊಂಡು ಅಡ್ಡ ಹಿಡಿದರು. ಹುಡುಗಿ ತಮ್ಮ ಗುಂಡಿಯ ತೂತಿನಿಂದ ಗಂಡನ ಮುಖವನ್ನು ಮುಹೂರ್ತಕ್ಕೆ ಮುಂಚೆಯೇ ನೋಡಿಬಿಟ್ಟಳೆಂದು ಹೆಂಗಸರು ಈಗಲೂ ನಗುತ್ತಾರೆ. ನಾನು ಜ್ವರ ಬಂದು ಮಲಗಿದ ದಿನ ತಮ್ಮನ್ನು ಶಾಲೆಯ ಕುರ್ಚಿಗೆ ತೊಡಿಸಿ ಕೂರಿಸಿದ್ದರು. ಅಂದು ಮಕ್ಕಳು ನಾನಿರುವಾಗ ಎಂದೂ ಇರದಷ್ಟು ಶಾಂತವಾಗಿ ಮಗ್ಗಿ ಬರೆದರಂತೆ. ಕಡಲೆಕಾಯಿ ಹೊಲದಲ್ಲಿ ಬೆದರುಗೊಂಬೆಯಾಗಿ ನಿಂತದ್ದೊಂದೇ ತಮಗೆ ಅಷ್ಟಾಗಿ ಒಗ್ಗಲಿಲ್ಲ. ಕಾಗೆಗಳು ಎರಡು ದಿನ ಹೆದರಿ, ಮೂರನೆಯ ದಿನ ತಾವು ಸರ್ಕಾರದವರೆಂದು ತಿಳಿದ ಮೇಲೆ ಧೈರ್ಯವಾಗಿ ಹೆಗಲ ಮೇಲೇ ಕೂತವು.

ಶಿಡ್ಲಘಟ್ಟದ ಗೂಡಿನ ವ್ಯಾಪಾರಿ ಖಾಜಾ ಪೀರ್ ಸಾಹೇಬರಿಗಂತೂ ತಮ್ಮ ಮೇಲೆ ವಿಶೇಷ ಪ್ರೀತಿ. ನಮ್ಮೂರಿನ ರೇಷ್ಮೆಗೂಡನ್ನು ತಮ್ಮಲ್ಲಿ ಕಟ್ಟಿಕೊಂಡು ಹೋದಾಗಲೆಲ್ಲ ಅವರು ಮೊದಲು ತಮ್ಮನ್ನು ಮುಟ್ಟಿ ನೋಡಿ, ಆಮೇಲೆ ಗೂಡನ್ನು ಮುಟ್ಟಿ ನೋಡುತ್ತಿದ್ದರು. ವಾಪಸು ಕಳಿಸುವಾಗ ತಮ್ಮ ಜೇಬಿಗೆ ಒಂದು ಹಿಡಿ ಹುರಿದ ಕಡಲೆಕಾಯಿ ಹಾಕಿ ಕಳಿಸುತ್ತಿದ್ದರು. ಆ ಕಡಲೆಕಾಯಿಯ ಸಂಗತಿಯನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಅದು ಸರ್ಕಾರದ ಕಡತಕ್ಕೆ ಹೋಗುತ್ತದೆ.

ಈ ಮೂರು ವರ್ಷವೂ ನಾನು ರಿಜಿಸ್ಟರಿನಲ್ಲಿ ಸೊನ್ನೆ ಬರೆದೆ. ಆಗೀಗ ತುಂತುರು ಬೀಳುತ್ತಿತ್ತು, ಒಮ್ಮೊಮ್ಮೆ ಚರಂಡಿ ಹರಿಯುವಷ್ಟೂ ಬೀಳುತ್ತಿತ್ತು, ಆದರೆ ಬೆಳಿಗ್ಗೆ ಹೋಗಿ ನೋಡಿದರೆ ಸೀಸೆ ಒಣಗಿರುತ್ತಿತ್ತು. ಹೊಸ ಹಿತ್ತಾಳೆ ಮೊದಮೊದಲು ನೀರು ಕುಡಿಯುತ್ತದೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬರದ ಸೀಮೆಯಲ್ಲಿ ಸೊನ್ನೆ ಕಂಡು ಆಶ್ಚರ್ಯಪಡುವವರಾದರೂ ಯಾರು? ಒಂದು ಚಿತ್ತು, ಒಂದು ತಿದ್ದುಪಡಿಯೂ ಇಲ್ಲದ ರಿಜಿಸ್ಟರು ಇಡೀ ಜಿಲ್ಲೆಯಲ್ಲಿ ಇದೊಂದೇ ಎಂದು ಕಚೇರಿಯಿಂದ ನನಗೆ ಶಹಭಾಸ್ ಪತ್ರವೂ ಬಂದಿತ್ತು.

ಈಗ ಆ ಬುಧವಾರಕ್ಕೆ ಬರುತ್ತೇನೆ. ಚಿತ್ತೆ ಮಳೆಯ ಕಾಲ. ಬೆಳಿಗ್ಗೆ ಸ್ಕಂದಗಿರಿಯ ಕಡೆ ಅಂಗೈಯಗಲ ಮೋಡ ಕಂಡಿತು. ಕದಿರಮ್ಮನ ಗೋಡೆ ಮಣ್ಣಿನದು, ತಲೆ ಬಿರುಕು ಬಿಟ್ಟಿದೆ. ಮೋಡವಾದಾಗಲೆಲ್ಲ ತಮ್ಮನ್ನು ಅದರ ತಲೆಗೆ ಹೊದಿಸುವುದು ನಮ್ಮಲ್ಲಿ ರೂಢಿ. ಒಳಗೆ ತಟ್ಟೆಗಳಲ್ಲಿ ಆಗಷ್ಟೇ ಮೊಟ್ಟೆಯೊಡೆದ ಮರಿಹುಳು ಇದ್ದವು. ಹೀಗಾಗಿ ಅಂದು ತಮ್ಮನ್ನು ಗೋಡೆಯ ಮೇಲೆ ಹೊದಿಸಿ, ಮೂರು ವರ್ಷದಲ್ಲಿ ಮೊದಲ ಬಾರಿಗೆ ನಿಯಮ ಏಳನ್ನು ಮುರಿದು, ಬರಿಗೈಯಲ್ಲಿ ಪೆರೇಸಂದ್ರಕ್ಕೆ ಹೋದೆ. ಬಸ್ಸಿನಲ್ಲಿ ಬಂದಿದ್ದ ಶಾಲೆಯ ಸೀಮೆಸುಣ್ಣದ ಪೆಟ್ಟಿಗೆಯನ್ನು ಇಳಿಸಿಕೊಂಡು ಹೊರಟವನು ಅರ್ಧ ದಾರಿಗೆ ಬಂದಿದ್ದೆ, ಆಕಾಶ ಕಳಚಿ ಬಿತ್ತು. ಹೊರಗೆ ಹೋಗುವಾಗ ಮಳೆಕೋಟು ಜೊತೆಗಿರಬೇಕೆಂದು ನಿಯಮ ಬರೆದವರ ದೂರದೃಷ್ಟಿಗೆ ಅಂದು ದಾರಿಯಲ್ಲೇ ಕೈಮುಗಿದೆ. ಪೆಟ್ಟಿಗೆಯಲ್ಲಿದ್ದ ಒಂದು ವರ್ಷದ ಸೀಮೆಸುಣ್ಣ ನನ್ನ ಅಂಗಿಯ ಮೇಲೆ ಸುಣ್ಣದ ತಿಳಿಯಾಗಿ ಹರಿಯಿತು, ಊರು ಮುಟ್ಟಿದಾಗ ಮಕ್ಕಳು ನನ್ನ ಗುರುತು ಹಿಡಿಯಲಿಲ್ಲ.

ಅಲ್ಲಿ ಏನು ನಡೆಯಿತೆಂಬುದಕ್ಕೆ ತಾವೇ ಪ್ರತ್ಯಕ್ಷದರ್ಶಿಗಳು. ಆದರೂ ತಾವು ಮೌನವ್ರತದಲ್ಲಿರುವುದರಿಂದ ನಾನೇ ಹೇಳುತ್ತೇನೆ. ಮೊದಲ ಹನಿ ಬಿದ್ದ ಕೂಡಲೆ ಕದಿರಮ್ಮ ಎಂದಿನಂತೆ ತನ್ನ ಮೊರ ತಂದು ಮಾಪಕದ ಬಾಯಿಗೆ ಮುಚ್ಚಿದಳು. ಎಂದಿನಂತೆ ಎಂಬ ಮಾತನ್ನು ದಯವಿಟ್ಟು ಗಮನಿಸಬೇಕು. ಮೂರು ವರ್ಷದಿಂದ ಹನಿ ಬಿದ್ದಾಗಲೆಲ್ಲ ಆಕೆ ಮುಚ್ಚುತ್ತಲೇ ಇದ್ದಳು, ಮಳೆ ನಿಂತ ಮೇಲೆ ಮೊರ ಒದರಿಕೊಂಡು ಒಳಗೆ ಹೋಗುತ್ತಿದ್ದಳು. ಅಂದು ಗಾಳಿಗೆ ಮೊರ ಹಾರಿ ಕೆರೆಯ ಕಡೆ ಹೋಯಿತು. ಆಕೆ ಒಂದು ಗಳಿಗೆ ನಿಂತು ಆ ಕಡೆ ಗೋಡೆ ನೋಡಿದಳಂತೆ, ಈ ಕಡೆ ಸರ್ಕಾರದ ಹಿತ್ತಾಳೆ ನೋಡಿದಳಂತೆ. ಆಮೇಲೆ ತನ್ನ ಗೋಡೆಯ ತಲೆಯಿಂದ ತಮ್ಮನ್ನು ಎಳೆದು ಮಾಪಕಕ್ಕೆ ಹೊದಿಸಿ, ನಾಲ್ಕು ಮೂಲೆಗೂ ಕಲ್ಲು ಹೇರಿದಳು. ಅರ್ಧ ಗಂಟೆಯಲ್ಲಿ ಗೋಡೆ ಕರಗಿ ಅಂಗಳಕ್ಕೆ ಇಳಿಯಿತು. ನಾನು ಸುಣ್ಣ ಬಳಿದುಕೊಂಡು ಬಂದು ನಿಂತಾಗ ಆಕೆ ಆ ಕೆಸರಿನ ರಾಶಿಯ ಪಕ್ಕ ನಿಂತು, ಪರೀಕ್ಷೆಯಲ್ಲಿ ಪಾಸಾದ ಮಗುವಿನ ಮುಖ ಮಾಡಿಕೊಂಡು, ‘ಒಂದ್ ಹನೀನೂ ಬೀಳಕ್ಕೆ ಬಿಟ್ಟಿಲ್ಲ ಮೇಷ್ಟ್ರೇ’ ಎಂದಳು.

ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಒಂದೇ ದಿನ ಎರಡು ಇಂಚಿಗೆ ಮೇಲೆ ಮಳೆ ದಾಖಲಾದರೆ ಮಾತ್ರ ಗೋಡೆ ಬಿದ್ದವರಿಗೆ ಕಲ್ಲು, ಜಂತೆ ಕೊಡುತ್ತಾರೆ. ಲಾಳಿಕೆ ಎತ್ತಿ ನೋಡಿದೆ, ಸೀಸೆಯೊಳಗೆ ಒಂದು ಇರುವೆ ಬೆಚ್ಚಗೆ ಓಡಾಡಿಕೊಂಡಿತ್ತು. ಆಗ ಕಣ್ಣಿಗೆ ಬಿದ್ದದ್ದು ತಮ್ಮ ಜೇಬು. ಬಾಯಿ ಮೇಲೆ ಮಾಡಿ, ತುಂಬಿ ತುಳುಕುತ್ತಿತ್ತು. ಅದನ್ನು ಅಳತೆಯ ಗಾಜಿಗೆ ಸುರಿದು ನೋಡಿದರೆ ಎರಡು ಇಂಚು ಎಂಬತ್ತೈದು ಸೆಂಟ್ಸ್. ಮರುದಿನ ಬೆಳಿಗ್ಗೆ ರಿಜಿಸ್ಟರಿನಲ್ಲಿ ‘ಮಾಪಕದಲ್ಲಿ ಸೊನ್ನೆ, ಜೇಬಿನಲ್ಲಿ ಎರಡು ಎಂಬತ್ತೈದು’ ಎಂದು ಬರೆದು ಸಹಿ ಹಾಕಿದೆ. ಕಚೇರಿಯವರು ಹೊಗಳಿದ್ದ ನನ್ನ ರಿಜಿಸ್ಟರಿಗೆ ಅಂದು ಮೊದಲ ಮಸಿ ಹತ್ತಿತು.

ಜೇಬು ಅಧಿಕೃತ ಮಾಪಕವಲ್ಲವೆಂದು ಚೆನ್ನರಾಯಪ್ಪನವರಿಂದ ಉತ್ತರ ಬಂತು. ಜೇಬನ್ನು ಅಧಿಕೃತಗೊಳಿಸಬೇಕೆಂದು ನಾನು ಪ್ರಾರ್ಥಿಸಿಕೊಂಡೆ. ಹಾಗಾದರೆ ಜೇಬಿನ ಬಾಯಿಯ ಅಗಲವೆಷ್ಟು, ಮಳೆ ಬೀಳುವಾಗ ಜೇಬಿನ ಮುಚ್ಚಳ ತೆರೆದಿತ್ತೋ ಮುಚ್ಚಿತ್ತೋ, ಒಳಗೆ ನೀರಲ್ಲದೆ ಬೇರೆ ಪದಾರ್ಥವಿತ್ತೋ ಎಂದು ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾನು ಒಳಗೆ ಏಳು ಕಡಲೆಕಾಯಿ ಇದ್ದವೆಂದು ಬರೆದೆ. ಕಡಲೆಕಾಯಿಯ ಪಾಲನ್ನು ಕಳೆದು ಹೊಸ ಲೆಕ್ಕ ಕಳಿಸಬೇಕೆಂದೂ, ಕಡಲೆಕಾಯಿ ಯಾರದೆಂದು ರುಜುವಾತು ಮಾಡಬೇಕೆಂದೂ ಅಪ್ಪಣೆಯಾಯಿತು. ಶಿಡ್ಲಘಟ್ಟಕ್ಕೆ ಹೋಗಿ ಖಾಜಾ ಪೀರ್ ಸಾಹೇಬರನ್ನು ಕೇಳಿದೆ. ಅವರು ಕನ್ನಡಕ ಹಣೆಗೇರಿಸಿ ‘ಕಡ್ಲೆಕಾಯಿ ನಂದೇ ಮೇಷ್ಟ್ರೇ, ಅದನ್ನ ಬೇಕಾದ್ರೆ ಈಗ್ಲೇ ಬರ್ದು ಕೊಡ್ತೀನಿ, ಆದ್ರೆ ಮಳೆ ನಂದು ಅಂತ ಬರ್ದು ಕೊಡೋರು ಯಾರು?’ ಎಂದು ಕೇಳಿದರು.

ಆಮೇಲಿನ ಕಾಗದ ತಮ್ಮನ್ನು ಕುರಿತದ್ದು. ಮಾಪಕದಲ್ಲಿ ಸೊನ್ನೆಯಿರುವುದರಿಂದ ಅಂದು ಮಳೆ ಬಂದಿಲ್ಲ. ಮಳೆ ಬರದ ದಿನ ಇಲಾಖೆಯ ಮಳೆಕೋಟನ್ನು ಬಯಲಿನಲ್ಲಿ ಹಾಸಿದ್ದೇಕೆ? ಸಮಜಾಯಿಷಿ ನೀಡಿ, ಕೋಟನ್ನು ಕೂಡಲೇ ಒಪ್ಪಿಸಬೇಕು. ನಿಯಮ ಒಂಬತ್ತರಂತೆ ಮಳೆಕೋಟನ್ನು ಒಪ್ಪಿಸುವಾಗ ಪೂರ್ತಿ ಒಣಗಿಸಿ ಒಪ್ಪಿಸಬೇಕು. ನಿಯಮ ಮುರಿದು ಒಮ್ಮೆ ಸೀಮೆಸುಣ್ಣ ಕಳೆದುಕೊಂಡಿದ್ದ ನಾನು ಈ ಸಲ ಎರಡು ದಿನ ಬಿಸಿಲಿಗೆ ಹಾಕಿ, ತಮ್ಮ ತೋಳಿನ ಒಳಮೈಯನ್ನೂ ಹೊರಗೆ ಮಾಡಿ ಒಣಗಿಸಿ ತಂದುಕೊಟ್ಟೆ. ಗುಮಾಸ್ತರು ತಮ್ಮ ಕೊರಳಿಗೆ ಚೀಟಿ ಕಟ್ಟಿ ಅದರ ಮೇಲೆ ‘ಒಣ ಸ್ಥಿತಿಯಲ್ಲಿ ಸ್ವೀಕರಿಸಲಾಗಿದೆ’ ಎಂದು ಬರೆದರು. ಆ ಚೀಟಿಯನ್ನೇ ಮಳೆ ಬಂದಿಲ್ಲವೆಂಬುದಕ್ಕೆ ಕೊನೆಯ ಪುರಾವೆಯೆಂದು ಕಡತಕ್ಕೆ ಸೇರಿಸಿಕೊಂಡರು. ಅಷ್ಟರಲ್ಲಿ ಹೊರಗೆ ಹನಿಯತೊಡಗಿತು. ಕಾಫಿಗೆ ಹೊರಟ ಸೂಪರಿಂಟೆಂಡೆಂಟರು ತಮ್ಮನ್ನು ಗೂಟದಿಂದ ತೆಗೆದು ತಲೆಗೆ ಹಾಕಿಕೊಂಡು ಹೋಗಿ, ಬಂದು, ಒದರಿ, ಮತ್ತೆ ಗೂಟಕ್ಕೆ ಹಾಕಿದರು. ನೆಲದ ಮೇಲೆ ನೀರು ತೊಟ್ಟಿಕ್ಕುತ್ತಿರುವುದನ್ನು ನಾನು ಬೆರಳು ಮಾಡಿ ತೋರಿಸಿದೆ. ‘ಇದು ಇವತ್ತಿನ ಮಳೆ ರೀ, ಹದಿನಾಲ್ಕರದ್ದಲ್ಲ’ ಎಂದು ಅವರು ಫೈಲು ಮುಚ್ಚಿದರು.

ಆದ್ದರಿಂದ, ಮಾನ್ಯರೇ, ತಮ್ಮಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲವೆಂದು ಅಂದುಕೊಂಡಿದ್ದೆ. ಹದಿನಾಲ್ಕನೆಯ ತಾರೀಕಿನ ಹನಿಗಳನ್ನು ಮಿಕ್ಕ ಹನಿಗಳಿಂದ ಬೇರೆ ಮಾಡಿ, ಕಚೇರಿಯ ವೇಳೆಯಲ್ಲಿ, ಸಾಹೇಬರ ಸಮ್ಮುಖದಲ್ಲಿ ತೊಟ್ಟಿಕ್ಕಬೇಕು. ಅದು ಕಷ್ಟವಾದರೆ ಬಲತೋಳನ್ನು ಮೇಲೆತ್ತಿ ಪ್ರಮಾಣ ಮಾಡಬೇಕು. ಅದೂ ಆಗದಿದ್ದರೆ ಸಾಹೇಬರು ಮುಂದಿನ ಸಲ ಕಾಫಿಗೆ ಹೊರಟಾಗ ನಡುದಾರಿಯಲ್ಲಿ, ಅವರ ನೆತ್ತಿಯ ಮೇಲೆ ಸರಿಯಾಗಿ, ಒಂದು ಕಡೆ ಹರಿಯಬೇಕು. ಬಾಯಿಮಾತಿಗೆ ಬೆಲೆಯಿಲ್ಲದ ಕಡೆ ನೆನೆದ ತಲೆಗಾದರೂ ಬೆಲೆಯಿರಬಹುದು ಎಂಬ ಆಸೆ.

ಈ ಕಾಗದವನ್ನು ಇಲ್ಲಿಗೆ ಮುಗಿಸುವವನಿದ್ದೆ. ಆದರೆ ಕಳೆದ ತಿಂಗಳು ಮೂವತ್ತನೆಯ ತಾರೀಕು ಶುಕ್ರವಾರ ಇನ್ನೊಂದು ಮಳೆ ಬಂತು.

ಅದಕ್ಕೆ ವಾರದ ಮುಂಚೆಯೇ ನಾನು ಕದಿರಮ್ಮನನ್ನು ಶಾಲೆಗೆ ಕರೆದು, ಒಂದನೆಯ ತರಗತಿಯ ಪಕ್ಕ ಕೂರಿಸಿ, ಕಪ್ಪುಹಲಗೆಯ ಮೇಲೆ ಮೋಡ ಬರೆದು, ಮಾಪಕ ಬರೆದು, ಮಳೆ ಅದರೊಳಗೆ ಬೀಳಲೇಬೇಕು, ಬಿದ್ದರೇ ಆಕೆಗೆ ಗೋಡೆ ಎಂದು ತಿಳಿಯಹೇಳಿದ್ದೆ. ಆಕೆ ಎಲ್ಲ ಕೇಳಿ, ತಲೆಯಾಡಿಸಿ ಎದ್ದುಹೋಗಿದ್ದಳು. ಶುಕ್ರವಾರ ಮಧ್ಯಾಹ್ನ ಸ್ವಾತಿ ಮಳೆ ಹೊಡೆಯತೊಡಗಿದಾಗ, ಈ ಸಲ ಸೀಸೆ ತುಂಬುತ್ತದೆ, ಗೋಡೆ ಸಿಗುತ್ತದೆ ಎಂಬ ಖುಷಿಯಲ್ಲಿ ಮಗ್ಗಿ ಹೇಳಿಸುವುದನ್ನು ಬಿಟ್ಟು ಬಯಲಿಗೆ ಓಡಿದೆ. ಗೋಡೆಯಿದ್ದ ಜಾಗಕ್ಕೆ ಅಡ್ಡ ಕಟ್ಟಿದ್ದ ಕಂಬಳಿ ಅಲ್ಲಿರಲಿಲ್ಲ. ಕಂಬಳಿ ಮಾಪಕದ ಮೇಲಿತ್ತು. ತಾವು ಊರಲ್ಲಿಲ್ಲವಾದ್ದರಿಂದ ತಮ್ಮ ಕೆಲಸವನ್ನು ಅದು ಮಾಡುತ್ತಿತ್ತು. ಕದಿರಮ್ಮ ಅದರ ಎರಡು ಮೂಲೆಗಳನ್ನು ಕಾಲಲ್ಲಿ ತುಳಿದುಕೊಂಡು, ಎರಡನ್ನು ಕೈಯಲ್ಲಿ ಹಿಡಿದುಕೊಂಡು, ಮಳೆಯಲ್ಲಿ ಬಗ್ಗಿ ನಿಂತಿದ್ದಳು. ಎರಚಲು ನೇರವಾಗಿ ಆಕೆಯ ಮನೆಯೊಳಗೆ ಹೊಡೆಯುತ್ತಿತ್ತು. ಹುಳುಗಳು ನಾಲ್ಕನೆಯ ಜ್ವರಕ್ಕೆ ಕೂತು, ಪೊರೆ ಬಿಡಲು ಮೇವು ತೊರೆದು ಅಲ್ಲಾಡದೆ ಇರುವ ಸಮಯ. ಆಗ ಥಂಡಿ ತಗುಲಿದರೆ ಒಂದೂ ಉಳಿಯುವುದಿಲ್ಲ. ಮಕ್ಕಳು ಹೇಳಿಸಿಕೊಳ್ಳದೆ ಓಡಿಬಂದು ತಟ್ಟೆಗಳನ್ನು ತಲೆಯ ಮೇಲೆ ಹೊತ್ತು ಶಾಲೆಗೆ ಸಾಗಿಸಿದರು.

ನನಗೆ ಕೋಪ ನೆತ್ತಿಗೇರಿತ್ತು. ಅಷ್ಟು ಹೇಳಿದ್ದು ನೀರಲ್ಲಿ ಹೋಯ್ತಲ್ಲಮ್ಮಾ, ತಲೆ ನೆಟ್ಟಗಿದೆಯಾ ನಿನಗೆ ಎಂದು ಹಿರಿಯಳೆಂಬುದನ್ನೂ ನೋಡದೆ ಕೂಗಾಡಿದೆ. ಆಕೆ ಕಂಬಳಿ ಬಿಡದೆ ತಲೆಯೆತ್ತಿ ಹೇಳಿದ ಮಾತನ್ನು ಹೇಳಿದಂತೆಯೇ ಬರೆಯುತ್ತೇನೆ: ‘ನೀವು ಬೋರ್ಡಿನ ಮೇಲೆ ಬರ್ದಿದ್ದೆಲ್ಲ ತಿಳೀತು ಮೇಷ್ಟ್ರೇ. ನೀರು ಬಿದ್ರೆ ನಂಗೆ ಗೋಡೆ ಸಿಗುತ್ತೆ, ಅಷ್ಟೇ ತಾನೆ? ಆದ್ರೆ ಅವತ್ತು ಕಲ್ ಮೇಲೆ ನಿಂತು ಏನಂದ್ರಿ? ಏನ್ ಬಿದ್ರೂ ನಿಮ್ ಕೆಲ್ಸ ಹೋಗುತ್ತೆ ಅಂದ್ರಿ. ಅದು ಸುಳ್ಳು ಅಂತ ಬೋರ್ಡಿನ ಮೇಲೆ ಎಲ್ಲೂ ಬರೀಲಿಲ್ವಲ್ಲ ನೀವು. ಗೋಡೆ ಇವತ್ತಲ್ಲ ನಾಳೆ ಎದ್ದೇಳುತ್ತೆ. ಆರು ವರ್ಷ ಮೇಷ್ಟ್ರಿಲ್ದೆ ಇದ್ದ ಊರು ಇದು. ನೀವು ಹೋದ್ರೆ ಈ ಮಕ್ಕಳಿಗೆ ಇನ್ನೊಬ್ರನ್ನ ಎಲ್ಲಿಂದ ತರಣ ನಾಯನಾ?’

ಮಾನ್ಯರೇ, ಜನರ ಮುಂದೆ ದೊಡ್ಡವನಾಗಬೇಕೆಂದು ಕಲ್ಲು ಹತ್ತಿ ಹೇಳಿದ ಒಂದು ಸುಳ್ಳಿಗೆ ಆಕೆ ಮೊದಲು ಗೋಡೆ ಕೊಟ್ಟಳು, ಆಮೇಲೆ ಕಂಬಳಿ ಕೊಟ್ಟಳು. ನನಗೆ ಬಹಳ ನಾಚಿಕೆಯಾಯಿತು. ಹೋಗಿ ಆಕೆಯ ಕೈಯಲ್ಲಿದ್ದ ಕಂಬಳಿಯ ಎರಡು ಮೂಲೆ ಹಿಡಿದುಕೊಂಡು ಮಳೆ ನಿಲ್ಲುವವರೆಗೆ ಆಕೆಯ ಜೊತೆ ನಿಂತೆ. ಮರುದಿನ ಬೆಳಿಗ್ಗೆ ಎಂಟೂವರೆಗೆ ರಿಜಿಸ್ಟರಿನಲ್ಲಿ ಸೊನ್ನೆ ಬರೆದೆ.

ದೀಪಾವಳಿಗೆ ಶಾಲೆಗೆ ಮೂರು ದಿನ ರಜೆಯಿತ್ತು. ಹಬ್ಬದ ಎಣ್ಣೆನೀರು ಹಾಕಿಕೊಂಡು ನಾನು, ಮುನಿವೆಂಕಟಪ್ಪ, ಅವನ ಅಳಿಯ ಸೇರಿ ಇಲಾಖೆಯ ಇನ್ನೂರು ಸೈಜುಗಲ್ಲಿನ ರಾಶಿಗೆ ಕೈ ಹಾಕಿದೆವು. ಕದಿರಮ್ಮ ಓಡಿಬಂದು, ಸರ್ಕಾರದ ಕಲ್ಲಿನಲ್ಲಿ ತನ್ನ ಗೋಡೆ ಕಟ್ಟಿದರೆ ತಾನು ಆ ಮನೆಯಲ್ಲಿ ಮಲಗುವುದೇ ಇಲ್ಲವೆಂದು ಹಟ ಹಿಡಿದಳು. ಇದು ನಿನ್ನ ಗೋಡೆಯಲ್ಲಮ್ಮಾ, ಮಾಪಕದ ಸುತ್ತ ಕಟ್ಟಬೇಕಾದ ಅಡ್ಡಗೋಡೆಯ ಪೂರ್ವದ ಮಗ್ಗುಲು, ನಿನ್ನ ಮನೆ ಅದರ ಹಿಂದೆ ಸುಮ್ಮನೆ ನಿಂತುಕೊಂಡಿದೆ ಅಷ್ಟೇ ಎಂದು ನಾನು ಹೇಳಿದೆ. ಈ ಸಲ ಹೇಳಿದ್ದೂ ಸುಳ್ಳೇ, ಆದರೆ ಕಲ್ಲು ಹತ್ತದೆ ನೆಲದ ಮೇಲೆ ನಿಂತು ಹೇಳಿದೆ. ಆಕೆ ಯೋಚನೆ ಮಾಡಿ ಒಪ್ಪಿದಳು. ಅದಕ್ಕೆ ಮೊಳೆ ಹೊಡೆಯುವುದಿಲ್ಲ, ಒರಗಿ ಕೂರುವುದಿಲ್ಲ ಎಂದು ತಾನಾಗಿಯೇ ಮಾತು ಕೊಟ್ಟಳು. ಮೂರನೆಯ ದಿನ ಸಂಜೆಗೆ ಗೋಡೆ ಎದ್ದಿತು. ಗಡಿಬಿಡಿಯಲ್ಲಿ ನಂಬರು ಹಿಂದುಮುಂದಾಗಿ ಎಂಬತ್ತರ ಪಕ್ಕ ಹದಿಮೂರು ಕೂತಿದೆ, ಮಕ್ಕಳಿಗೆ ಇನ್ನು ಎಣಿಕೆ ಕಲಿಸುವುದು ಕಷ್ಟ. ತಟ್ಟೆಗಳು ಶಾಲೆಯಿಂದ ಮನೆಗೆ ಹೋದವು. ಇವತ್ತು ಬೆಳಿಗ್ಗೆಗೆ ಹುಳುಗಳೆಲ್ಲ ಹಣ್ಣಾಗಿ, ಬಿದಿರಿನ ಚಂದ್ರಿಕೆಗೆ ಹತ್ತಿ ಗೂಡು ಕಟ್ಟುತ್ತಿವೆ.

ಹೀಗಾಗಿ ತಮ್ಮ ಸಾಕ್ಷಿಯ ಅವಶ್ಯಕತೆ ಈಗ ನನಗಿಲ್ಲ. ತೊಟ್ಟಿಕ್ಕಬೇಡಿ, ಪ್ರಮಾಣ ಮಾಡಬೇಡಿ, ಸಾಹೇಬರ ನೆತ್ತಿಯ ಮೇಲೆ ಹರಿಯುವುದೊಂದನ್ನು ಮಾತ್ರ ತಮ್ಮ ಇಷ್ಟಕ್ಕೆ ಬಿಟ್ಟಿದ್ದೇನೆ. ಇಲಾಖೆಯ ಇನ್ನೂರು ಕಲ್ಲನ್ನು ಯಾರ ಅಪ್ಪಣೆಯಿಂದ ಉಪಯೋಗಿಸಿದೆ ಎಂದು ನಾಳೆ ನೋಟಿಸ್ ಬಂದೇ ಬರುತ್ತದೆ. ಅದಕ್ಕೆ ಉತ್ತರವನ್ನು ಇಂದೇ ಬರೆದಿಟ್ಟಿದ್ದೇನೆ: ಗೋಡೆ ಕಟ್ಟಿದ ಸಂಗತಿಯನ್ನು ಇಲಾಖೆಗೆ ಸೇರಿದ ಮಳೆಕೋಟು ನಂಬರ್ ಹದಿನೇಳು ಅವರಿಗೆ ಈ ಬಹಿರಂಗ ಪತ್ರದ ಮೂಲಕ ತಿಳಿಸಲಾಗಿದೆ, ಅವರಿಂದ ಯಾವ ಆಕ್ಷೇಪಣೆಯೂ ಬಂದಿಲ್ಲ. ಇಷ್ಟು ದಿನ ಯಾರಿಗೂ ಉಪಯೋಗಕ್ಕೆ ಬಾರದ ತಮ್ಮ ಮೌನವನ್ನು ದಯವಿಟ್ಟು ಆಕ್ಷೇಪಣೆಯ ಗಡುವು ಮುಗಿಯುವ ಇನ್ನು ಹದಿನೈದು ದಿನ ಕಾಪಾಡಿಕೊಂಡು ಬರಬೇಕು.

ತಮ್ಮನ್ನು ಮೂರು ವರ್ಷ ಹೊತ್ತ ಹೆಗಲಿನವನಾದ, ತಮ್ಮ ವಿಶ್ವಾಸಿ,
ಎಂ. ಕೋನಪ್ಪ,
ಏಕೋಪಾಧ್ಯಾಯ ಶಾಲೆ, ಜಾಲಿಗುಟ್ಟಹಳ್ಳಿ.

ವಿ.ಸೂ.: ಮೊನ್ನೆ ಶನಿವಾರ ಮತ್ತೆ ನಾಲ್ಕು ಹನಿ ಬಿತ್ತು. ನೆನೆಯಬಾರದ ಸರ್ಕಾರದ ಸಾಮಾನು ಕದಿರಮ್ಮನ ವಶದಲ್ಲಿ ಈಗ ಎರಡಾಗಿವೆ, ಒಂದು ಮಾಪಕ, ಇನ್ನೊಂದು ಗೋಡೆ. ಕಂಬಳಿ ಮಾತ್ರ ಒಂದೇ. ಆಕೆ ಅದನ್ನು ಗೋಡೆಗೆ ಹೊದಿಸಿ, ಮಾಪಕದ ಮೇಲೆ ತನ್ನ ಸೆರಗು ಹಿಡಿದು ನಿಂತಿದ್ದಳು. ಸೂಪರಿಂಟೆಂಡೆಂಟರಿಗೆ ಬಿಸಿಲಿನ ದಿನ ನೋಡಿ ಕಾಫಿ ಕುಡಿಯಲು ಹೇಳಿ ತಾವು ಮೊದಲನೆಯ ಬಸ್ಸಿಗೆ ಹೊರಟು ಬನ್ನಿ. ಆಕೆಯ ತಲೆ ಇಲಾಖೆಗೆ ಸೇರಿದ್ದಲ್ಲ, ಅದಕ್ಕೆ ನಿಯಮವೂ ಇಲ್ಲ, ನಂಬರೂ ಇಲ್ಲ. ಅದು ನೆನೆಯುತ್ತಲೇ ಇದೆ.